ಮಹಾಂತೇಶನ ಸಭೆಯ ನೆನಪು

ನೇಕಾರರ ಸಹಕಾರ ಸಂಘಕ್ಕೆ ಹೊಸದಾಗಿ ಆರಿಸಿಬಂದ ನಿರ್ದೇಶಕರ ತಲೆಗೆ, ತೀರಿಕೊಂಡ ಹಳೆಯ ನಿರ್ದೇಶಕರ ಸಭೆಯ ನೆನಪುಗಳನ್ನು ತುಂಬಿ ತರಬೇತಿ ಕೊಡುವುದು ರೂಢಿ. ಈ ಸಲ ದಾಕ್ಷಾಯಣಿಗೆ ಮಹಾಂತೇಶನ ನೆನಪು ಸಿಕ್ಕಿತು. ಅವಳು ಅವನ ಹಾಗೆಯೇ ಸೀರೆಯ ಅಂಚನ್ನು ಕೆನ್ನೆಗೆ ಒತ್ತಿ ನೇಯ್ಗೆ ಪರೀಕ್ಷಿಸುವುದನ್ನು ಕಂಡು, ಅವನ ಹೆಂಡತಿ ಕಸ್ತೂರಿಗೆ ಹೊಟ್ಟೆ ಉರಿಯಿತು.

"ಮನೀ ನೆನಪೂ ಬಂದಾವೇನವಾ?" ಎಂದು ಕೇಳಿದಳು.

"ಇಲ್ರೀ ಅಕ್ಕಾರ, ಸಭಾದ್ದಷ್ಟ," ಎಂದಳು ದಾಕ್ಷಾಯಣಿ.

ಕಸ್ತೂರಿಗೆ ಹೋದ ಜೀವ ಬಂದಂತಾಯಿತು.

"ಆದ್ರ ಸಭಾ ಬ್ಯಾಸರಾದಾಗೆಲ್ಲಾ ಅವರು ನೀವು ಹೆರಳು ಬಿಚ್ಚೂದನ್ನ ನೆನಸ್ಕೋತ ಕುಂಡ್ರತಿದ್ರು. ನಿಮ್ಮ ಮ್ಯಾಲ ಎಷ್ಟ್ ಜೀವಾರೀ ಅವರಿಗೆ!"

ಮಹಾಂತೇಶ ಈ ಮಾತನ್ನು ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ.

"ಸಾಕು ಬಿಡವಾ, ಮುಂದ ಹೇಳಬ್ಯಾಡ, ಉಳಿದದ್ದು ನನ್ನ ತಲ್ಯಾಗ ಬರಲಿ," ಎಂದಳು ಕಸ್ತೂರಿ. "ಬರೂ ಚುನಾವಣ್ಯಾಗ ನಿನ್ನ ಎದುರು ನಾನ ನಿಲ್ತೀನಿ."