ಮಾಳಿಗಿ ಮ್ಯಾಲಿನ ಖೋಲಿ

“ನಿನಗ ಖೋಲಿ ಕೊಡಂಗಿಲ್ಲ, ತಂಗಿ,” ಎಂದು ಮಲ್ಲಾಬಾಯಿ ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ಕೂತಳು. “ಈ ಮಾಳಿಗಿ ಮ್ಯಾಲ ಜ್ವಾಳ ಒಣಗ್ತಾವ. ಇಲ್ಲಿರೋರು ಗುಬ್ಬಿ ಹೊಡೀಬೇಕು, ಆಡು ಹೊಡೀಬೇಕು. ನಿನ್ನ ದನಿ ನನಗಽ ಕೇಳಸವಲ್ದು, ಗುಬ್ಬಿಗೆಲ್ಲಿ ಕೇಳಸ್ತದ?”

ವಿಶಾಲಾಕ್ಷಿ ತಲೆ ತಗ್ಗಿಸಿದಳು. ಮೈಸೂರು ಸೀಮೆಯೂ ಯಾದಗಿರಿಯ ಸೀಮೆಯೂ ಸೇರಿ ಒಂದೇ ರಾಜ್ಯವಾದ ವರ್ಷ ಅದು. ಮೈಸೂರಿನಿಂದ ಯಾದಗಿರಿಯ ಹುಡುಗಿಯರ ಶಾಲೆಗೆ ಟೀಚರಾಗಿ ಬಂದ ಅವಳಿಗೆ, ಒಂಟಿ ಹೆಣ್ಣೆಂದು ಬೇರೆ ಯಾರೂ ಮನೆ ಕೊಟ್ಟಿರಲಿಲ್ಲ. ಇದೂ ತಪ್ಪಿದರೆ ಕೆಲಸ ಬಿಟ್ಟು ಸಂಜೆಯ ರೈಲು ಹತ್ತುವುದೇ.

ಅಷ್ಟರಲ್ಲಿ ಮೆಟ್ಟಿಲೇರಿ ಬಂದ ಆಡೊಂದು ಹರವಿದ್ದ ಜೋಳಕ್ಕೆ ಬಾಯಿ ಹಾಕಿತು. ಮಲ್ಲಾಬಾಯಿ ಏಳಲಿಲ್ಲ, ಹುಬ್ಬು ಮಾತ್ರ ಏರಿಸಿದಳು. ವಿಶಾಲಾಕ್ಷಿ ಆಡಿನ ಹತ್ತಿರ ಹೋಗಿ ಮೆಲ್ಲಗೆ, “ಸ್ವಲ್ಪ ಆಚೆ ಹೋಗ್ತೀರಾ?” ಎಂದಳು.

“ಕುರ್ಚಿ ಹಾಕಿ ಚಾ ಕೊಡು ಅದಕ್ಕ,” ಎಂದು ಮಲ್ಲಾಬಾಯಿ ಹಣೆ ಬಡಿದುಕೊಂಡಳು. ಆಡು ಜೋಳ ಬಿಟ್ಟು, ವಿಶಾಲಾಕ್ಷಿಯ ಚೀಲದಿಂದ ಇಣುಕುತ್ತಿದ್ದ ರೇಷ್ಮೆ ಸೀರೆಯ ಸೆರಗನ್ನು ಜಗಿಯತೊಡಗಿತು. ಅಮ್ಮ ತಾನು ಉಡುತ್ತಿದ್ದುದನ್ನೇ ಕೊಟ್ಟು ಕಳಿಸಿದ ಸೀರೆ.

“ಲೇ ಮುಂಡೇದೇ, ಬಿಡ್ತೀಯೋ ಇಲ್ವೋ!”

ಆಡು ಮೆಟ್ಟಿಲಲ್ಲಿ ಎಡವಿ ಬೀಳುತ್ತಲೇ ಕೆಳಗೆ ಓಡಿತು. ಓಣಿಯ ಗುಬ್ಬಿಗಳೆಲ್ಲ ಒಮ್ಮೆಲೇ ಎದ್ದವು. ಎದುರು ಮಾಳಿಗೆಯ ಹೆಂಗಸರು ಇಣುಕಿದರು. ತನ್ನ ದನಿಗೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡ ವಿಶಾಲಾಕ್ಷಿಯ ಕೈ ಬಿಡಿಸಿ, ಮಲ್ಲಾಬಾಯಿ ಅಂಗೈಯಲ್ಲಿ ಕೀಲಿ ಇಟ್ಟಳು.

“ಬಾಡಿಗಿ ನಾಳಿ ಮಾತಾಡೋಣ, ಟೀಚರ್ ಬಾಯಾರ. ಆದ್ರ ನನ್ನ ಮ್ಯಾಲ ಹಿಂಗ ಒದರಬ್ಯಾಡ್ರಿ.”