ಹಲಗೆಯ ಮೇಲಿನ ಐದು ನಿಮಿಷ

ಡ್ರೈಯರ್ ಗುರ್ ಎಂದದ್ದೇ ತಡ, ಮುನಿಆಂಜನಪ್ಪ ಪೇಪರು ಮಡಚಿಟ್ಟು ಎದ್ದರು. ಅಡುಗೆಮನೆಯಿಂದ ಮುನಿಶಾಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದರು. ಹಿಂದಿನ ಪ್ಯಾಸೇಜಿನಲ್ಲಿದ್ದ ವಾಷಿಂಗ್ ಮಷಿನ್ನಿನ ಮೇಲೆ ಎತ್ತಿನಗಾಡಿಯ ಹಳೆಯ ಹಲಗೆಯೊಂದನ್ನು ಅಡ್ಡ ಹಾಕಿ, ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ, ಗಂಡ ಹೆಂಡತಿ ಪಕ್ಕಪಕ್ಕದಲ್ಲಿ ಕೂತರು. ಕೂರದಿದ್ದರೆ ಮಷಿನ್ ನಡೆದುಬಿಡುತ್ತದೆ. ಒಬ್ಬರೇ ಕೂತರೆ ಒಂದು ಕಡೆ ವಾಲಿಕೊಂಡು ನಡೆಯುತ್ತದೆ. ಹಾಗಾಗಿ ಹೊರಮಾವಿನ ಆ ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ, ಬಟ್ಟೆ ಹಿಂಡುವ ಐದು ನಿಮಿಷ ಇಬ್ಬರೂ ಹಾಜರಿರಲೇಬೇಕು.

ಮಷಿನ್ನಿನ ಟೈಮರಿಗೆ ಗುಂಡಿ ಇಲ್ಲ, ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಾರೆ. ಮುಚ್ಚಳದ ಜಾಗದಲ್ಲಿ ಊಟದ ತಟ್ಟೆ ಇದೆ. ಆದರೂ ಒಂಬತ್ತು ಜನರ ಬಟ್ಟೆಯನ್ನು ದಿನಾ ಒಗೆದು ಹಾಕುತ್ತದೆ. ಒಂಬತ್ತು ಜನ ಇರುವ ಮನೆ ಎಂದರೆ ಗೊತ್ತಲ್ಲ: ನಡುಮನೆಯಲ್ಲಿ ಟಿವಿ, ರೂಮಿನಲ್ಲಿ ಮೊಮ್ಮಕ್ಕಳು, ಬಾಗಿಲಲ್ಲಿ ಮಹಡಿಯ ಬಾಡಿಗೆಯವರು. ಗಂಡ ಹೆಂಡತಿ ಒಂದು ಮಾತಾಡಲು ಮೂಲೆಯಿಲ್ಲ. ಹಲಗೆಯ ಮೇಲೆ ಕೂತರೆ ಮಾತ್ರ, ಆ ಗದ್ದಲದಲ್ಲಿ ಬೇರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಜಗಳ, ರಾಜಿ, ಮಕ್ಕಳಿಗೆ ಹೇಳದೆ ಮುಚ್ಚಿಟ್ಟ ಮಂಡಿನೋವು, ಎಲ್ಲ ಅಲ್ಲೇ. ಹಂಸಳನ್ನು ಸೊಸೆ ಮಾಡಿಕೊಳ್ಳುವ ತೀರ್ಮಾನವಾದದ್ದೂ ಅಲ್ಲೇ.

ಆ ಹಂಸಳೇ ಈಗ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಿದ್ದಳು.

"ಏನ್ ಮಾವ ಇದು, ಈ ವಯಸ್ಸಲ್ಲಿ ಸರ್ಕಸ್ಸು? ಬಿದ್ದು ಸೊಂಟ ಮುರ್ಕೊಂಡ್ರೆ ಏನ್ಮಾಡ್ತೀರಾ? ಮೆಕ್ಯಾನಿಕ್‌ಗೆ ಫೋನ್ ಮಾಡಿದೀನಿ. ರಿಪೇರಿ ಆದ್ರೆ ಸರಿ, ಇಲ್ದಿದ್ರೆ ಹೊಸದು ತಂದ್ಬಿಡೋಣ."

"ಹೊಸದಾ?" ಎಂದರು ಇಬ್ಬರೂ ಒಟ್ಟಿಗೇ.

ಶಿವಾಜಿನಗರದಿಂದ ಸ್ಕೂಟರಿನಲ್ಲಿ ಬಂದ ಮೆಕ್ಯಾನಿಕ್ ನಯಾಜ್ ನೆಲದ ಮೇಲೆ ಮಲಗಿ, ಮೊಬೈಲಿನ ಟಾರ್ಚು ಬಿಟ್ಟು ನೋಡಿದ. "ಏನೂ ಆಗಿಲ್ಲ ಮೇಡಂ, ಗಟ್ಟಿ ಮಾಲು ಇದು. ನಾಲ್ಕು ಕಾಲಲ್ಲಿ ಒಂದಕ್ಕೆ ರಬ್ಬರ್ ಬುಷ್ ಇಲ್ಲ, ಅಷ್ಟೇ. ಅದಕ್ಕೇ ಕುಣೀತಾ ಇದೆ." ಬ್ಯಾಗಿನಿಂದ ಒಂದು ಬುಷ್ ತೆಗೆದು ಹಾಕಿ, ಡ್ರೈಯರ್ ಓಡಿಸಿ, ಮೇಲೊಂದು ತುಂಬಿದ ನೀರಿನ ಲೋಟ ಇಟ್ಟ. ಒಂದು ಹನಿಯೂ ತುಳುಕಲಿಲ್ಲ. ಹಂಸ ಚಪ್ಪಾಳೆ ತಟ್ಟಿದಳು. ಅತ್ತೆ ಮಾವ "ಒಳ್ಳೇದಾಯ್ತು" ಎಂದರು. ಮುಖ ಮಾತ್ರ ಸಪ್ಪಗಿತ್ತು.

ಮಾರನೆಯ ದಿನ ಡ್ರೈಯರಿನ ಸದ್ದಿಗೆ ಮುನಿಆಂಜನಪ್ಪ ಅಭ್ಯಾಸಬಲದಿಂದ ಎದ್ದು, ನೆನಪಾಗಿ ಮತ್ತೆ ಕೂತರು. ಮುನಿಶಾಮಮ್ಮ ಬಾಗಿಲವರೆಗೆ ಬಂದು, ಗೋಡೆಗೆ ಒರಗಿಸಿದ್ದ ಹಲಗೆಯನ್ನು ನೋಡಿ, ಸೊಪ್ಪು ಬಿಡಿಸಲು ಹೋದರು. ಮೂರನೆಯ ದಿನ ನಡುಮನೆಯಲ್ಲೇ "ಶಾಮೀ, ಒಂದ್ ಮಾತು" ಎಂದು ಮುನಿಆಂಜನಪ್ಪ ಶುರುಮಾಡಿದರು. ಅಷ್ಟರಲ್ಲಿ ಬಾಡಿಗೆಯವರು ನೀರು ಬರುತ್ತಿಲ್ಲವೆಂದು ಬಂದರು, ಮೊಮ್ಮಗಳು ಟಿವಿ ಜೋರು ಮಾಡಿದಳು. ಮಾತು ಅಲ್ಲಿಗೇ ನಿಂತಿತು. ಅದೇನೂ ಘನವಾದ ವಿಷಯವಲ್ಲ. ಆದರೂ ಸ್ವಂತ ಹೆಂಡತಿಯ ಜೊತೆ ಮಾತಾಡಲು ಸ್ವಂತ ಮನೆಯಲ್ಲಿ ಜಾಗ ಹುಡುಕುವ ಹಾಗಾಯಿತಲ್ಲ ಎಂದು ಅವರಿಗೆ ನಿಜಕ್ಕೂ ಸಂಕಟವಾಯಿತು.

ಶನಿವಾರ ಬೆಳಿಗ್ಗೆ ಡ್ರೈಯರ್ ತಿರುಗಿದ್ದೇ ಮಷಿನ್ ಕುಣಿಯತೊಡಗಿತು.

"ಅಯ್ಯೋ, ಮತ್ತೆ ಶುರುವಾಯ್ತು!" ಎಂದು ಇಬ್ಬರೂ ಕೂಗಿದರು. ಆ ದನಿಯಲ್ಲಿ ಗಾಬರಿಗಿಂತ ಹಿಗ್ಗೇ ಹೆಚ್ಚಿತ್ತು. ಹಲಗೆ ಬಂತು, ಹತ್ತಿ ಕೂತದ್ದೂ ಆಯಿತು. ಆದರೆ ಮಷಿನ್ ನಿಲ್ಲಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಎಂದೂ ಇಲ್ಲದಷ್ಟು ಎಗರುತ್ತಾ, ಇಬ್ಬರನ್ನೂ ಹೊತ್ತುಕೊಂಡೇ ಅಡುಗೆಮನೆಯ ಕಡೆ ಹೊರಟಿತು.

"ರೀ, ಹಿಡ್ಕೊಳ್ರೀ!"

"ಏನ್ ಹಿಡ್ಕೊಳ್ಲೇ?"

"ನನ್ನೇ ಹಿಡ್ಕೊಳ್ರೀ!"

ವೈರು ಎಳೆದು ಪ್ಲಗ್ಗು ಕಿತ್ತುಬಂದಾಗ ಮಷಿನ್ ನಿಂತಿತು. ಹಂಸ ಓಡಿಬಂದು ನೋಡಿದರೆ ಅತ್ತೆ ಮಾವ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಮಧ್ಯಾಹ್ನ ಮತ್ತೆ ಬಂದ ನಯಾಜ್ ಮಷಿನ್ನಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. "ಅರೆ, ಇದೇನ್ ಮೇಡಂ? ನಾಲ್ಕೂ ಸರಿ ಮಾಡಿ ಹೋಗಿದ್ದೆ. ಈಗ ಎರಡೇ ಬುಷ್ ಇದೆ!"

"ಎರಡೇನಾ? ನಾನ್ ತೆಗೆದಿದ್ದು ಒಂದೇ..." ಎಂದುಬಿಟ್ಟ ಮುನಿಆಂಜನಪ್ಪ ನಾಲಿಗೆ ಕಚ್ಚಿಕೊಂಡರು. ಇನ್ನು ಮುಚ್ಚಿಡುವಂತಿರಲಿಲ್ಲ. ಅಂಗಿಯ ಜೇಬಿನಿಂದ ರಬ್ಬರ್ ಬುಷ್ಷನ್ನು ತೆಗೆದು ಮೆಲ್ಲಗೆ ನಯಾಜನ ಮುಂದಿಟ್ಟರು.

"ಮಾವ!" ಎಂದಳು ಹಂಸ. "ಹಾಗಾದ್ರೆ ಇನ್ನೊಂದೆಲ್ಲಿ?"

ಮುನಿಶಾಮಮ್ಮ ಯಾರ ಮುಖವನ್ನೂ ನೋಡಲಿಲ್ಲ. ಸೊಂಟದಲ್ಲಿದ್ದ ಎಲೆಅಡಿಕೆ ಚೀಲವನ್ನು ತೆಗೆದು, ದಾರ ಸಡಿಲಿಸಿ, ಸುಣ್ಣದ ಡಬ್ಬಿಯ ಕೆಳಗಿನಿಂದ ಇನ್ನೊಂದು ಬುಷ್ ಹೊರತೆಗೆದರು. "ಇವರೂ ತೆಗೀತಾರೆ ಅಂತ ನನಗೇನ್ ಗೊತ್ತಿತ್ತು?" ಎಂದು ಗೊಣಗಿದರು. ಮುನಿಆಂಜನಪ್ಪ ಬಾಯಿ ಬಿಟ್ಟುಕೊಂಡು ಹೆಂಡತಿಯನ್ನೇ ನೋಡುತ್ತಿದ್ದರು.

ಹಂಸ ಇಬ್ಬರನ್ನೂ ನೋಡಿದಳು, ಆಮೇಲೆ ಹಲಗೆಯನ್ನು ನೋಡಿದಳು. ಬೈಯಲು ತೆರೆದ ಬಾಯಿ ತಾನಾಗಿಯೇ ನಕ್ಕಿತು.

"ನಯಾಜ್ ಭಾಯ್, ಒಂದೇ ಒಂದು ಹಾಕಿ. ಮೂರಿದ್ರೆ ಸಾಕು."

"ಯಾರ್ದು ಹಾಕ್ಲಿ ಮೇಡಂ? ಯಜಮಾನ್ರದ್ದಾ, ಅಮ್ಮಂದಾ?"

"ಅವರ್ದು ಹಾಕಪ್ಪಾ," ಎಂದ ಮುನಿಶಾಮಮ್ಮ, ತಮ್ಮ ಬುಷ್ಷನ್ನು ಎಲೆಅಡಿಕೆ ಚೀಲಕ್ಕೆ ವಾಪಸು ಹಾಕಿ ದಾರವನ್ನು ಬಿಗಿಯಾಗಿ ಎಳೆದರು.