ಪಂಪಿನ ಸೀಲು

ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಸಾಕು, ಈಗಲೂ ಕೊಂಡಪಲ್ಲಿ ಕೋಟೆಯ ಏರು ನೆನಪಾಗಿ ನನ್ನ ತುಟಿ ಕೊಂಕುತ್ತದೆ.

ವಿಜಯವಾಡಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರ್ ನಮ್ಮಪ್ಪ. ಹಳೆಯ ಪೆಟ್ರೋಲ್ ಜೀಪೊಂದನ್ನು ಕೊಂಡು ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಕೂರಿಸಿಕೊಟ್ಟ ಮುದಿ ಮೆಕ್ಯಾನಿಕ್ಕು ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ಅಳೆಯುವ ಪಂಪಿನ ಸ್ಕ್ರೂಗೆ ತಂತಿ ಸುತ್ತಿ, ಸೀಸದ ಸೀಲು ಒತ್ತಿ, "ಇದಿ ಮುಟ್ಟುಕೋಕಂಡಿ ಸಾರ್" ಎಂದು, ಅದನ್ನು ಮುಟ್ಟಲೇಬೇಡಿರೆಂದು ಕೈ ಮುಗಿದಿದ್ದ. ಮ್ಯಾನೇಜರಿಗೆ ಎಂಜಿನ್ನೂ ಹೆದರುತ್ತದೆ ಅಂದುಕೊಂಡಿದ್ದರೇನೋ ಅಪ್ಪ! ಭಾನುವಾರ ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿ, ಪವರ್ ಹೆಚ್ಚಲೆಂದು ಸ್ಕ್ರೂ ತಿರುವಿ, ಅಮ್ಮನನ್ನೂ ನನ್ನನ್ನೂ ಹತ್ತಿಸಿಕೊಂಡು ಕೋಟೆಗೆ ಹೊರಟರು.

ಏರಿನಲ್ಲಿ ಜೀಪು ಕರ್ರಗೆ ಹೊಗೆ ಕಾರಿತು. "ಹೊಗೆ ಬಂತು ಅಂದ್ರೆ ಪವರ್ ಬಂತು ಅಂತ ಕಣೇ" ಎಂದು ಅಪ್ಪ ಬೀಗಿದರು. ಮುಂದಿನ ತಿರುವಿನಲ್ಲೇ ಎಂಜಿನ್ ಕುದಿದು ನಿಂತಿತು. ಅದು ಆರುವ ತನಕ ಕಾದು, ನಾವು ಕುಡಿಯಲು ತಂದಿದ್ದ ನೀರನ್ನೆಲ್ಲ ರೇಡಿಯೇಟರಿಗೆ ಸುರಿದರು.

"ಆ ಮೆಕ್ಯಾನಿಕ್ಕು ಕೆಲ್ಸಕ್ಕೆ ಬಾರದವನು" ಎಂದರು ಅಪ್ಪ.

ನನ್ನ ಮುಖದ ಮಸಿಯನ್ನು ಸೆರಗಿನಿಂದ ಒರೆಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಕ್ಯಾಷ್ ಚೀಲದ ಸೀಲು ಒಡೆದ ಅಂತ ಹೋದ ತಿಂಗಳು ಒಬ್ಬನ್ನ ಸಸ್ಪೆಂಡ್ ಮಾಡಿಸಿದ್ರಲ್ಲ, ಅವನೂ ಕಟಿಂಗ್ ಪ್ಲೇಯರಲ್ಲೇ ಒಡೆದಿದ್ನಾ?"

ಅಪ್ಪ ಖಾಲಿ ಬಾಟಲಿಗೆ ಬಲು ಎಚ್ಚರಿಕೆಯಿಂದ ಮುಚ್ಚಳ ಹಾಕಿದರು.